ಕಡಿವಾಣದ ಮೇಲಿನ ಸಾರಂಗ

ಮದುವೆಯಾಗಿ, ಬಂಡಿಗಳಲ್ಲೇ ಬದುಕುವ ಅಲೆಮಾರಿ ಶಕರ ಈ ಪಾಳೆಯಕ್ಕೆ ಬಂದ ಒಪಾಯಳಿಗೆ ಅತ್ತೆ ಒಂದು ಕುದುರೆ ಕೊಟ್ಟಿದ್ದಳು. ಅದರ ಕಡಿವಾಣದಲ್ಲಿ ಅಂಗೈಯಗಲದ ಕಂಚಿನ ಸಾರಂಗ. ಕವಲುಕೊಂಬು ಅಲೆಯಲೆಯಾಗಿ ಬೆನ್ನಿಗೆ ಒರಗಿತ್ತು, ಕತ್ತು ಮೇಲೆತ್ತಿ ಮುಂದಕ್ಕೆ ಚಾಚಿತ್ತು, ನಾಲ್ಕೂ ಕಾಲು ಹೊಟ್ಟೆಯಡಿ ಮಡಚಿಕೊಂಡಿದ್ದವು. ತವರಿನ ಕಡೆ ಎಲ್ಲರೂ ಹದ್ದಿನ ತಲೆ ಮಾಡಿಸುತ್ತಿದ್ದರು. ಇಂಥದ್ದನ್ನು ಅವಳು ಕಂಡಿರಲಿಲ್ಲ.

"ಅತ್ತೆ, ಇದು ಮಲಗಿದೆಯಾ, ಓಡ್ತಿದೆಯಾ?"

ಉಣ್ಣೆ ತಟ್ಟಿ ಕಂಬಳಿ ಮಾಡುತ್ತಿದ್ದ ಅತ್ತೆ ಮಸ್ಸಾಯ ತಲೆ ಎತ್ತಲಿಲ್ಲ. "ಸತ್ತಿದೆ ಕಣೇ. ಬಲಿ ಕೊಟ್ಟದ್ದು. ಕಾಲು ಕಟ್ಟಿ ತರ್ತಾರಲ್ಲ, ಹಾಗೆ."

"ಸತ್ತದ್ದು ಕತ್ತು ಎತ್ತುತ್ತಾ?"

"ಹೋಗಿ ನಿನ್ನ ಗಂಡನ್ನ ಕೇಳು."

ಗಂಡ "ಓಡ್ತಿದೆ, ನೀನೂ ಓಡು" ಎಂದು ಮಗ್ಗುಲು ಬದಲಿಸಿದ.

ಕೊನೆಗೆ ಒಪಾಯ ಅದನ್ನು ಮಾಡಿದವನ ಬಂಡಿಗೇ ಹೋದಳು. ಎರಕದ ಮುದುಕ ವರ್ಗಾಕ ಕುಲುಮೆ ಊದುತ್ತಿದ್ದ.

"ತಾತ, ಇದರ ಕಾಲು ಯಾಕೆ ಮಡಚಿದ್ದೀರಿ?"

"ಚಾಚಿದ್ರೆ ಪೊದೆಗೆ ಸಿಕ್ಕಿ ಮುರೀತದಮ್ಮ. ನಮ್ಮಪ್ಪ ಹಿಂಗೇ ಮಾಡ್ತಿದ್ದ, ನಾನೂ ಹಿಂಗೇ. ಯಾರೂ ಕೇಳಿರಲಿಲ್ಲ ನೋಡು."

ಅವಳಿಗೆ ಸಮಾಧಾನವಾಗಲಿಲ್ಲ. ಮರುದಿನ ಬೆಳಿಗ್ಗೆ ನದಿಯ ಜೊಂಡಿನಲ್ಲಿ ಅಡಗಿ ಕೂತಳು. ನೀರಿಗೆ ಬಂದ ಸಾರಂಗ ಅವಳ ಕುದುರೆಯ ಸದ್ದಿಗೆ ಬೆದರಿ ಓಡಿತು, ಒಣ ಕೊರಕಲನ್ನು ಒಂದೇ ನೆಗೆತಕ್ಕೆ ದಾಟಿತು. ಆ ಕ್ಷಣ ಕೊಂಬು ಬೆನ್ನಿಗೆ ಒರಗಿತು, ಕಾಲುಗಳೆಲ್ಲ ಹೊಟ್ಟೆಯಡಿ ಸೇರಿದವು. ಸೊಂಟದಲ್ಲಿದ್ದ ಬಿಲ್ಲು ಅವಳ ನೆನಪಿಗೇ ಬರಲಿಲ್ಲ.

ಕುದುರೆ ಓಡಿಸಿಕೊಂಡು ಬಂದು ಕೂಗಿದಳು: "ತಾತ, ಹಾರ್ತಿದೆ!"

ಮುದುಕ ಇಕ್ಕಳ ಕೆಳಗಿಟ್ಟ. "ಕಿವಿ ಹೆಂಗಿತ್ತು?"

"ಕಿವಿ... ನೋಡಲಿಲ್ಲ."

"ಥೂ! ಅದನ್ನೇ ಅಲ್ಲವಾ ನೋಡಬೇಕಿದ್ದದ್ದು! ನಮ್ಮಪ್ಪ ಕಿವಿ ಹಿಂದಕ್ಕೆ ಮಾಡ್ತಿದ್ದ, ನಾನು ನೆಟ್ಟಗೆ. ಯಾವುದು ಸರಿಯೋ ಇವತ್ತಿಗೂ ಗೊತ್ತಿಲ್ಲ. ನನ್ನನ್ನ ಕುದುರೆ ಮೇಲೆ ಹತ್ತಿಸು."

ಸೊಸೆಯ ಕೂಗು ಕೇಳಿ ಬಂದಿದ್ದ ಮಸ್ಸಾಯ ಮಡಿಲಿನ ಉಣ್ಣೆ ಕೊಡವಿಕೊಂಡಳು. "ಮಂಡಿನೋವಿನ ಮುದುಕನ್ನ ಎಲ್ಲಿಗೆ ಎಳ್ಕೊಂಡು ಹೋಗ್ತೀಯೇ? ತಡಿ, ನಾನೂ ಬರ್ತೀನಿ."

ಇಳಿಹೊತ್ತಿಗೆ ಮೂವರೂ ಜೊಂಡಿನಲ್ಲಿ ಕೂತರು. ಸಾರಂಗ ಆಚೆ ದಡಕ್ಕೆ ಬಂತು, ನೀರು ಕುಡಿಯಿತು. ಆಮೇಲೆ ಮುಂಗಾಲು ಮಡಚಿ, ಹಿಂಗಾಲು ಒಳಗೆಳೆದುಕೊಂಡು ಹುಲ್ಲಿನಲ್ಲಿ ಮಲಗಿ ಕತ್ತು ಚಾಚಿತು.

"ಅಯ್ಯೋ, ಮಲಗ್ತು!" ಎಂದಳು ಅತ್ತೆ.

"ಸುಮ್ಮನಿರಮ್ಮ, ಕಿವಿ ನೋಡ್ತಿದ್ದೀನಿ" ಎಂದ ಮುದುಕ.

ಕಿವಿ ನೆಟ್ಟಗಿತ್ತು. ಪಿಸುಮಾತು ಕೇಳಿಸಿತೋ ಏನೋ, ಸಾರಂಗ ಎದ್ದು ಪೊದೆ ಸೇರಿತು.

ಬಂಡಿಗೆ ಮರಳಿದವನೇ ವರ್ಗಾಕ ಊಟಕ್ಕೂ ಏಳದೆ ಹೊಸ ಸಾರಂಗದ ಅಚ್ಚಿಗೆ ಜೇನುಮೇಣ ಕಾಯಿಸಲು ಕೂತ. ಮಸ್ಸಾಯ ಪಕ್ಕದಲ್ಲೇ ಕೂತು ಕೊಂಬಿನ ಕವಲು ಹೀಗಿತ್ತು, ಹಾಗಿತ್ತು ಎಂದು ಅವನ ಕೈಗೆ ಅಡ್ಡ ಬರುತ್ತಿದ್ದಳು. ಮಲಗಿದಾಗ ಕಿವಿ ನೆಟ್ಟಗೆ, ಸರಿ; ಹಾರುವಾಗ ಯಾವ ಕಡೆಗಿರುತ್ತದೆ? ಒಪಾಯ ಮಾತ್ರ ಕುದುರೆಗೆ ನೀರು ಕುಡಿಸುತ್ತ, ನಾಳೆ ಕೊರಕಲಿನ ಯಾವ ದಂಡೆಯಲ್ಲಿ ಕೂರುವುದೆಂದು ಯೋಚಿಸುತ್ತಿದ್ದಳು.