ಜಗುಲಿಯ ಜಾಗ

ಮಾವನ ತಲೆಯ ಬಳಿ ಊದುಬತ್ತಿ ಸಿಕ್ಕಿಸುತ್ತಲೇ ಶ್ಯಾಮಲಮ್ಮ ಹಿತ್ತಲಿನ ಹುಳುವಿನ ಮನೆಯ ಕಡೆ ಕಿವಿಗೊಟ್ಟಳು. ನಿನ್ನೆಯವರೆಗೆ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ಜಗುಲಿಯವರೆಗೂ ಕೇಳುತ್ತಿತ್ತು. ಈಗಿಲ್ಲ. ಹುಳು ಮೇವು ಬಿಟ್ಟರೆ ಹಣ್ಣಾಯಿತೆಂದೇ ಅರ್ಥ. ತಕ್ಷಣ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಇವತ್ತೇ ಹಣ್ಣಾಗಬೇಕಿತ್ತೇ ಎಂದು ಅವಳಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಮೇಲೂರಿನ ಆ ಬೀದಿಯಲ್ಲಿ ಸಾವಿನ ಮನೆಯವರು ಹುಳು ಮುಟ್ಟುವುದಿಲ್ಲ. ಅದಕ್ಕೇ ಎದುರುಮನೆಯ ಗಂಗುಲಪ್ಪನೂ ಅವನ ಹೆಂಡತಿ ಅಶ್ವತ್ಥಮ್ಮನೂ ಯಾರೂ ಕರೆಯದೆಯೇ ಬಂದು ಆರಿಸಲು ಕೂತಿದ್ದರು. ಗಂಗುಲಪ್ಪ ಈ ಮನೆಯ ಹೊಸಿಲು ತುಳಿದು ಮೂರು ವರ್ಷವಾಗಿತ್ತು.

ಅವನು ಹೊರಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಹುಳ ಚೆನ್ನಾಗೈತೆ ಕಣಮ್ಮ, ಒಂದಕ್ಕೂ ರೋಗ ಇಲ್ಲ. ಆದ್ರೆ ಚಂದ್ರಿಕೆ ಎಲ್ಲಿ ನಿಲ್ಸೋದು? ಒಳಗೆ ಹೆಂಚೆಲ್ಲ ಸೋರ್ತೈತೆ. ಥಂಡೀಲಿ ನೂಲು ಬಿಡಲ್ಲ."

ಗಾಳಿಯೂ ಆಡಿ, ನೆಲವೂ ಒಣಗಿದ್ದ ಜಾಗ ಇಡೀ ಮನೆಗೆ ಒಂದೇ. ಆ ಜಗುಲಿಯಲ್ಲಿ ಮಾವ ರಾಮಾಂಜಿನಪ್ಪ ಮಲಗಿದ್ದ.

*

ರಾಮಾಂಜಿನಪ್ಪನಿಗೆ ಒಂದು ಲೆಕ್ಕವಿತ್ತು. ಮದ್ರಾಸಿನ ಕಡೆ ತುಫಾನು ದಡ ಹತ್ತಿದರೆ ಇಲ್ಲಿ ಬಿಸಿಲೇ ಕಾಣದ ಜಡಿಮಳೆ. ಅದು ದೀಪಾವಳಿ ಕಳೆದ ಮೇಲೆ ಬರಬೇಕು, ಕಾರ್ತಿಕ ಮುಗಿಯುವುದರೊಳಗೆ ತೊಲಗಬೇಕು. ಅವನ ವಯಸ್ಸಿನುದ್ದಕ್ಕೂ ಅದು ಹಾಗೇ ನಡೆದುಕೊಂಡಿತ್ತು; ಅವನಿಗೆ ಹಾಗೆ ತೋರಿದ್ದಂತೂ ನಿಜ. ಬೀದಿಯವರೆಲ್ಲ ಅವನನ್ನು ಕೇಳಿಯೇ ಮರಿಹುಳು ತರುತ್ತಿದ್ದರು.

ಆಮೇಲೆ ತುಫಾನುಗಳ ನಡತೆ ಕೆಟ್ಟಿತು. ಒಂದು ವರ್ಷ ಬರಲೇ ಇಲ್ಲ. ಇನ್ನೊಂದು ವರ್ಷ ಒಂದರ ಬೆನ್ನಿಗೆ ಒಂದು ಬಂದವು. ಮುದುಕ ಮಾತ್ರ ತನ್ನ ಲೆಕ್ಕ ಬಿಡಲಿಲ್ಲ. ಮೂರು ವರ್ಷದ ಹಿಂದೆ, "ಕಾರ್ತಿಕ ಮುಗೀತು, ಇನ್ನೇನೂ ಬರಲ್ಲ, ಹುಳ ತನ್ನಿ" ಎಂದ. ಮಾರ್ಗಶಿರದಲ್ಲಿ ತುಫಾನು ಬಂತು. ಬೀದಿಯುದ್ದಕ್ಕೂ ಹುಳು ಕೊಳೆತು ತಿಪ್ಪೆ ಸೇರಿತು. ಗಂಗುಲಪ್ಪ ಮಾತು ಬಿಟ್ಟ. ಮುದುಕನ ಮಗ, ಶ್ಯಾಮಲಮ್ಮನ ಗಂಡ ವೆಂಕಟೇಶ್ ಎಲ್ಲರ ಎದುರಿಗೇ, "ಇನ್ಮೇಲೆ ಮಳೆ ವಿಷ್ಯಕ್ಕೆ ಬಾಯಿ ಬಿಡಬೇಡಪ್ಪ" ಎಂದ. ಅಂದಿನಿಂದ ಮುದುಕ ಮಳೆಯ ಮಾತೆತ್ತಲಿಲ್ಲ.

ಈ ಸಲವೂ ಮಾರ್ಗಶಿರದಲ್ಲೇ ಜಡಿ ಹಿಡಿಯಿತು. ನೆಂದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ. ಮುದುಕ ತಾನಾಗಿಯೇ ಹುಳುವಿನ ಮನೆಯ ಬಾಗಿಲಲ್ಲಿ ಕೂತು, ಹಳೇ ಪಂಚೆಯ ತುಂಡಿನಿಂದ ಒಂದೊಂದೇ ಎಲೆ ಒರೆಸತೊಡಗಿದ.

"ಕೆಮ್ಮು ಜಾಸ್ತಿ ಆಯ್ತಲ್ಲ ಮಾವ, ಒಳಗೆ ಮಲಕ್ಕಳಿ."

"ಹುಳ ಹಣ್ಣಾಗ್ಲಿ, ಆಮೇಲೆ ಮಲಗ್ತೀನಿ ಕಣಮ್ಮ."

ಶ್ಯಾಮಲಮ್ಮ ಎರಡನೆಯ ಸಲ ಹೇಳಲಿಲ್ಲ. ಕೆಮ್ಮು ಕೇಳುತ್ತಲೇ ಇತ್ತು. ಅವಳು ನೆಂದ ಸೊಪ್ಪಿನ ಮಂಕರಿಗಳನ್ನು ತಂದು ತಂದು ಅವನ ಮುಂದೆ ಇಡುತ್ತಲೇ ಇದ್ದಳು.

*

"ಅಕ್ಕ ಬರ್ಲಿ ಇರಿ," ವೆಂಕಟೇಶ್ ಜನರಿಗೆ ಹೇಳುತ್ತಿದ್ದ. "ತೊಂಡೇಬಾವಿಗೆ ಫೋನ್ ಮಾಡಿದೀನಿ. ಹೊರಟವ್ಳಂತೆ. ಮಳೇಲಿ ಬಸ್ಸು ಸಿಗ್ಬೇಕಲ್ಲ."

ನಿಂತಿದ್ದ ಮಳೆಗೆ ಮತ್ತೆ ಮೋಡ ಕಟ್ಟುತ್ತಿತ್ತು. ಹಿತ್ತಲ ಬಾಗಿಲಲ್ಲಿ ಗಂಗುಲಪ್ಪ ಹುಳು ತುಂಬಿದ ತಟ್ಟೆ ಹಿಡಿದು ನಿಂತಿದ್ದ. ಶ್ಯಾಮಲಮ್ಮ ಎದ್ದಳು.

"ಮಾವನ್ನ ಮಳೇಲಿ ನೆನೆಸ್ಬೇಡಿ," ಎಂದಳು. "ಬಿಟ್ಟಿರೋವಾಗ್ಲೇ ಎತ್ಬಿಡಿ."

ಎಂಥ ಸೊಸೆ ಎಂದು ಮುದುಕಿಯರು ಕಣ್ಣೊರೆಸಿಕೊಂಡರು. ಗಂಗುಲಪ್ಪ ನೆಲ ನೋಡಿದ. ವೆಂಕಟೇಶ್ ಬೀದಿಯ ಕೊನೆಯವರೆಗೂ ಒಮ್ಮೆ ಕಣ್ಣು ಹಾಯಿಸಿ, ಆಗಲಿ ಎಂದು ತಲೆಯಾಡಿಸಿದ.

ಗಂಡಸರು ಹೊರಟ ಮೇಲೆ ಅಶ್ವತ್ಥಮ್ಮ ಜಗುಲಿ ತೊಳೆಯಲು ನೀರು ತಂದಳು.

"ತೊಳೀಬೇಡಿ ಅಕ್ಕ. ಈ ಹವಾದಲ್ಲಿ ಒಣಗಲ್ಲ."

ಹೆಣ ಎತ್ತಿದ ಜಾಗ ತೊಳೆಯದೆ ಬಿಟ್ಟದ್ದನ್ನು ಅಶ್ವತ್ಥಮ್ಮ ಯಾವ ಮನೆಯಲ್ಲೂ ಕಂಡಿರಲಿಲ್ಲ. ಒಂದು ಗಳಿಗೆ ಶ್ಯಾಮಲಮ್ಮನ ಮುಖ ನೋಡಿದಳು. ನಾಲ್ಕು ಹನಿ ಚಿಮುಕಿಸಿ ಬಕೆಟ್ ಕೆಳಗಿಟ್ಟು ಚಂದ್ರಿಕೆ ತರಲು ಹೋದಳು.

ವೆಂಕಟೇಶನ ಅಕ್ಕ ಚಿಕ್ಕವೆಂಕಟಮ್ಮ ಬಂದಾಗ ಮಳೆ ಜೋರಾಗಿ ಸುರಿಯುತ್ತಿತ್ತು. ಬೀದಿಯ ತುದಿಯಿಂದಲೇ ಅಪ್ಪ, ಅಪ್ಪ ಎಂದು ಅಳುತ್ತಾ ಓಡಿ ಬಂದವಳು ಜಗುಲಿ ಹತ್ತಿ ನಿಂತಳು.

"ಅಪ್ಪ ಎಲ್ಲಿ?"

ಮಳೆ, ಮಣ್ಣು ದಾರಿ, ಹೊತ್ತಾಗಿತ್ತು ಎಂದೆಲ್ಲ ಶ್ಯಾಮಲಮ್ಮ ಮಾತು ಜೋಡಿಸಿಟ್ಟುಕೊಂಡಿದ್ದಳು.

"ಜಾಗ ಇರ್ಲಿಲ್ಲ ಅತ್ತಿಗೆ," ಎಂದಳು.

ಚಿಕ್ಕವೆಂಕಟಮ್ಮ ಗೋಡೆಯ ಕಡೆ ತಿರುಗಿದಳು. ಸಾಲಾಗಿ ಒರಗಿಸಿದ ಚಂದ್ರಿಕೆಗಳಲ್ಲಿ ಹುಳುಗಳು ತಲೆ ಆಡಿಸುತ್ತಾ ಎಳೆ ಬಿಡುತ್ತಿದ್ದವು. ಅವಳು ಕೈ ಎತ್ತಿ ಶ್ಯಾಮಲಮ್ಮನ ಕಡೆ ಒಂದು ಹೆಜ್ಜೆ ಇಟ್ಟಳು. ಹೊಡೆಯಲಿ ಎಂದು ಶ್ಯಾಮಲಮ್ಮ ಕಣ್ಣು ಮುಚ್ಚಿದಳು.

ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಚಿಕ್ಕವೆಂಕಟಮ್ಮ ತೊಟ್ಟಿಕ್ಕುತ್ತಿದ್ದ ಸೆರಗನ್ನು ಚಂದ್ರಿಕೆಗೆ ತಾಗದಂತೆ ಎದೆಗೆ ಮುದುಡಿಕೊಳ್ಳುತ್ತಿದ್ದಳು. ಹಾಗೇ ಹಿಂದೆ ಹಿಂದೆ ಸರಿದು, ಜಗುಲಿ ಇಳಿದು, ಮಳೆಯಲ್ಲಿ ನಿಂತುಕೊಂಡಳು.