ಜನವರಿ ಒಂದರ ಕೂಸು

ಸಂಘದ ಕ್ಯಾಮೆರಾಕ್ಕೆ ಎರಡು ಪೆನ್ಸಿಲ್ ಸೆಲ್ಲು ಬೇಕು. ನಮ್ಮ ಮನೆಯಲ್ಲಿ ಸೆಲ್ಲು ಸತ್ತರೆ ಬಿಸಿಲಿಗಿಡುವುದು ರೂಢಿ. ಟಾರ್ಚಿನವು, ರೇಡಿಯೊದವು, ಗೋಡೆ ಗಡಿಯಾರದವು, ಎಲ್ಲ ತಗಡಿನ ಮೇಲೆ ಹಪ್ಪಳದ ಪಕ್ಕದಲ್ಲಿ ಸಾಲಾಗಿ ಮಲಗಿರುತ್ತವೆ. ಎರಡು ತಾಸು ಕಾದರೆ ಅರ್ಧ ದಿನದ ಜೀವ ಬರುತ್ತದೆ. ಕ್ಯಾಮೆರಾದ ಸೆಲ್ಲನ್ನೂ ನಾನು ಹಾಗೇ ಇಡುತ್ತಿದ್ದೆ. ಸೆಲ್ಲು ತೆಗೆದು ಅಷ್ಟು ಹೊತ್ತು ಬಿಟ್ಟರೆ ಅದು ತಾರೀಖನ್ನೇ ಮರೆತುಬಿಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮತ್ತೆ ಹಾಕಿದಾಗ ಪರದೆಯ ಮೇಲೆ ಏನೋ ಕೇಳುತ್ತಿತ್ತು, ಖರೆ. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಮಗಳ ಜಡೆ. ಓದಿ ಉತ್ತರ ಕೊಡಲು ಮೂರನೇ ಕೈ ಎಲ್ಲಿಂದ ತರಲಿ? ನಡುವಿನ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆ.

ಅದರಿಂದ ದೇವಕಮ್ಮನ ಭತ್ತ ಒಣಗುವ ಹೊತ್ತು ಬಂತು.

ನಾನು ನಮ್ಮ ನೀರು ಬಳಕೆದಾರರ ಸಂಘದ ಗುಮಾಸ್ತೆ. ಸಗರದ ಆಚೆ ನಮ್ಮ ಹೊಲಗಾಲುವೆಯಲ್ಲಿ ನೀರಿನ ಪಾಳಿ ಬಲು ಬಿಗಿ. ಸೋಮವಾರದಿಂದ ಗುರುವಾರದವರೆಗೆ ಮೇಲಿನ ತುದಿಯ ಶಾಂತಪ್ಪ ಸಾವ್ಕಾರರದು. ಶುಕ್ರವಾರ, ಶನಿವಾರ ಕೆಳಗಿನ ತುದಿಯ ದೇವಕಮ್ಮನದು. ಭಾನುವಾರ ಉಳಿದ ಸಣ್ಣಪುಟ್ಟವರದು. ಕಾಲುವೆ ಬಂದಾಗಿನಿಂದ ಸಾವ್ಕಾರರಿಗೆ ಎಷ್ಟು ನೀರಿದ್ದರೂ ನೀರಡಿಕೆ. ಸಂಘದ ಅಧ್ಯಕ್ಷರೂ ಅವರೇ. ಹೋದ ದೀಪಾವಳಿಗೆ ಕ್ಯಾಮೆರಾ ಕೊಂಡಾಗ ನಿಯಮ ಬರೆಸಿದವರೂ ಅವರೇ: ನೀರು ಕದ್ದರೆ ಬಾಯಿಮಾತು ನಡೆಯುವುದಿಲ್ಲ, ಫೋಟೊದಲ್ಲಿನ ತಾರೀಖೇ ಕಡೆಯ ಮಾತು. ಕದ್ದವನು ಮುಂದಿನ ಪಾಳಿ ಕಳಕೊಳ್ಳಬೇಕು. ತಕರಾರು ಸುಳ್ಳಾದರೆ ತಕರಾರು ತಂದವರು ಕಳಕೊಳ್ಳಬೇಕು. ತೀರ್ಮಾನ ಆಗುವವರೆಗೆ ಕಾಲುವೆಯಲ್ಲಿ ಯಾರೂ ಏನೂ ಮುಟ್ಟಬಾರದು.

ಆ ಶುಕ್ರವಾರ ಮಧ್ಯಾಹ್ನ ದೇವಕಮ್ಮ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದಳು.

"ತಿಮ್ಮವ್ವ, ಫೋಟೊ ಡಬ್ಬಿ ತಗೊಂಡು ಬಾ. ಸಾವ್ಕಾರ ನನ್ನ ನೀರಿಗೆ ಅಡ್ಡ ಚೀಲ ಒಟ್ಟಾಕತ್ತಾನ."

"ಆಳಿಂದ ಒಟ್ಟಸಾಕತ್ತಾನೇನು?"

"ಇಲ್ಲ, ತಾನ ಇಳಿದಾನ. ಕಳವಿನಾಗೂ ಆಳಿಗೆ ಕೂಲಿ ಕೊಡಬಾರದು ಅಂತ ಇರಬೇಕು."

ತಗಡಿನ ಮೇಲಿನ ಸೆಲ್ಲು ಎತ್ತಿ ತುರುಕಿ ಓಡಿದೆ. ಸಾವ್ಕಾರರು ಧೋತರ ಮೊಣಕಾಲ ಮೇಲೆ ಕಟ್ಟಿ, ಮಣ್ಣು ತುಂಬಿದ ಗೋಣಿಚೀಲವನ್ನು ಕೂಸಿನ ಹಾಗೆ ತಬ್ಬಿಕೊಂಡು ನೀರಲ್ಲಿ ನಿಂತಿದ್ದರು. ಒತ್ತಿದೆ. ಮುಖ, ಚೀಲ, ಕಾಲುವೆ, ಮೂರೂ ಚೊಕ್ಕ ಬಂದವು. ನನ್ನನ್ನು ನೋಡಿ ಅವರು ಚೀಲ ಕೆಳಗಿಟ್ಟು, "ಕಾಲುವಿ ಸ್ವಚ್ಛ ಮಾಡಾಕತ್ತೇನಿ ತಂಗಿ" ಅಂದರು.

ಮರುದಿನ ಶಹಾಪುರದ ಸ್ಟುಡಿಯೊಗೆ ಹೋದೆ. ಕ್ಯಾಮೆರಾದ ಅದೇ ಕಾರ್ಡಿನಲ್ಲಿ ಸಾವ್ಕಾರರ ಮೊಮ್ಮಗನ ತೊಟ್ಟಿಲ ಫೋಟೊಗಳೂ ಇದ್ದವು. ಗುರುವಾರ ಸಂಜೆ ಸಂಘದ ಕ್ಯಾಮೆರಾದಿಂದಲೇ ತೆಗೆಸಿಕೊಂಡಿದ್ದರು. ಅಧ್ಯಕ್ಷರಲ್ಲವೇ. ಎಲ್ಲವನ್ನೂ ಒಟ್ಟಿಗೆ ತೊಳೆಯಲು ಕೊಟ್ಟೆ. ಗಲ್ಲೆಯಲ್ಲಿ ಕೂತ ಮಜೀದಾ ಗೋಣಿಚೀಲದ ಫೋಟೊ ತಿರುಗಿಸಿ ತೋರಿಸಿದಳು.

"ಅಕ್ಕಾ, ಮೂಲ್ಯಾಗ ಏನ್ ಬಂದದ ನೋಡಿದ್ರೇನು?"

ಕೆಂಪು ಅಂಕಿಯಲ್ಲಿ ಬಿದ್ದಿತ್ತು: ಒಂದು, ಒಂದು, ಎರಡು ಸಾವಿರದ ಆರು. ರಾತ್ರಿ ಹನ್ನೆರಡು ಗಂಟೆ ಎರಡು ನಿಮಿಷ. ಈಗ ನಡೆದಿರುವುದು ಎರಡು ಸಾವಿರದ ಹತ್ತರ ಫೆಬ್ರವರಿ.

"ಸೆಲ್ಲು ತೆಗೆದು ಎಲ್ಲಿಟ್ಟಿದ್ರಿ?"

"ಬಿಸಿಲಿಗೆ."

ಮಜೀದಾ ಗಲ್ಲೆಯ ಮೇಲೆ ತಲೆಯಿಟ್ಟು ನಕ್ಕಳು. "ಯಾ ಅಲ್ಲಾ! ಸೆಲ್ಲು ಹೊರಗ ಇದ್ರ ಅದರ ಗಡಿಯಾರ ಸಾಯತದ ಅಕ್ಕಾ. ಮತ್ತ ಹಾಕಿದಾಗ ಹುಟ್ಟಿದ ದಿನಕ್ಕ ಹೋಗಿ ಕುಂದರತದ. ತಾರೀಖು ಹಾಕ್ರಿ ಅಂತ ಕೇಳಿರಬೇಕಲ್ಲ?"

ಕೇಳಿತ್ತು. ಊರಿಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನನ್ನನ್ನು ಬೈದುಕೊಂಡೆ. ದೇವಕಮ್ಮನ ಎರಡೆಕರೆ ಭತ್ತ ತೆನೆ ಒಡೆಯುತ್ತಿತ್ತು. ತೀರ್ಮಾನ ಆಗುವವರೆಗೆ ಚೀಲ ಮುಟ್ಟುವಂತಿಲ್ಲ, ಈ ವಾರದ ನೀರು ಹೋಗಿಯೇ ಹೋಗಿತ್ತು. ಮುಂದಿನ ಪಾಳಿಯೂ ಹೋದರೆ ತೆನೆಯಲ್ಲಿ ಕಾಳಲ್ಲ, ಜೊಳ್ಳು.

ಭಾನುವಾರ ಬೇವಿನ ಕಟ್ಟೆಯಲ್ಲಿ ಸಭೆ ಸೇರಿತು. ಸಾವ್ಕಾರರು ಫೋಟೊ ಹಿಡಿದು, ಕನ್ನಡಕ ಏರಿಸಿ, ಎಷ್ಟೋ ಹೊತ್ತು ನೋಡಿದರು. ಆಮೇಲೆ ಮುಖ ಅರಳಿತು.

"ನಾನ ಹೌದು. ಚೀಲನೂ ನಂದ. ತಾರೀಖು ಓದ್ರಿ."

ಹಿರಿಯ ಸದಸ್ಯ ಅಯ್ಯಣ್ಣ ಓದಿದ. "ಎರಡು ಸಾವಿರದ ಆರನೇ ಇಸವಿ, ಜನವರಿ ಒಂದು."

"ಆಗ ಸಂಘ ಇತ್ತೇನು? ಪಾಳಿ ಇತ್ತೇನು? ಯಾರ ಬೇಕಾದ್ರೂ ಚೀಲ ಒಟ್ಟಬಹುದಿತ್ತು."

"ಸಾವ್ಕಾರ್ರ, ಕ್ಯಾಮೆರಾ ತಂದದ್ದ ಹೋದ ದೀಪಾವಳಿಗೆ," ಅಂದ ಅಯ್ಯಣ್ಣ. "ರಾತ್ರಿ ಹನ್ನೆರಡಕ್ಕ ಇಷ್ಟು ಬಿಸಲರೆ ಹ್ಯಾಂಗ ಬಿದ್ದದ?"

"ಬಿಸಲು ಹ್ಯಾಂಗ ಬಿತ್ತು ಅಂತ ಸೂರ್ಯನ್ನ ಕೇಳು. ನಿಯಮದಾಗ ಏನದ? ಫೋಟೊದಾಗಿನ ತಾರೀಖ ಕಡೀ ಮಾತು. ನೀನ ಸಹಿ ಮಾಡಿಯಲ್ಲ?"

ನಾನು ಎದ್ದು ನಿಂತು ಸೆಲ್ಲಿನ ಕಥೆ ಪೂರಾ ಹೇಳಿದೆ. ಜನ ನಕ್ಕರು. ಸಾವ್ಕಾರರೂ ನಕ್ಕರು. "ಅದು ಬಾಯಿಮಾತು ತಂಗಿ. ಬಾಯಿಮಾತು ನಡೆಯೂದಿಲ್ಲ. ತಕರಾರು ಸುಳ್ಳು, ದೇವಕಮ್ಮನ ಮುಂದಿನ ಪಾಳಿ ಬಂದ್ ಅಂತ ಬರಕೋ."

ನನ್ನ ಪೆನ್ನು ಏಳಲಿಲ್ಲ. ದೇವಕಮ್ಮನ ಕಣ್ಣು ಸಾವ್ಕಾರರ ಹೆಂಡತಿ ಪಾರ್ವತಿಬಾಯಿಯ ಕಡೆ ಇತ್ತು. ಅರ್ಧ ಹೊಲ ಪಾರ್ವತಿಬಾಯಿಯ ಹೆಸರಿನಲ್ಲಿದ್ದುದರಿಂದ ಅವಳೂ ಸದಸ್ಯೆ. ಸಭೆ ಶುರುವಾಗುವ ಮೊದಲೇ ನನ್ನ ಕೈಯಿಂದ ತೊಟ್ಟಿಲ ಫೋಟೊಗಳ ಲಕೋಟೆ ಕಸಿದುಕೊಂಡು, ಹೆಂಗಸರ ಸಾಲಿನಲ್ಲಿ ಒಂದೊಂದಾಗಿ ಹಂಚುತ್ತಿದ್ದಳು. ಒಂದು ದೇವಕಮ್ಮನ ಕೈಗೂ ಬಂದಿತ್ತು. ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ.

"ಅಕ್ಕಾರ," ಅಂದಳು ಬಹಳ ಮೆತ್ತಗೆ. "ಕೂಸು ಭಾಳ ಛಂದ ಅದರಿ. ನಾಕು ವರ್ಷದ್ದು ಅಂದ್ರ ಯಾರೂ ನಂಬೂದಿಲ್ಲ."

"ನಾಕು ವರ್ಷ? ಹದಿನೇಳು ದಿನದ ಕೂಸದು!"

"ಇಲ್ಲರಿ, ಸಾವ್ಕಾರ್ರ ಹೇಳ್ಯಾರಲ್ಲ, ಫೋಟೊದಾಗಿನ ತಾರೀಖ ಕಡೀ ಮಾತು ಅಂತ. ಇದರಾಗೂ ಅದ ಕೆಂಪು ಅಂಕಿ ಅದ ನೋಡ್ರಿ. ಎರಡು ಸಾವಿರದ ಆರು." ಬೆರಳು ಮಡಚಿ ಎಣಿಸಿದಳು. "ನಿಮ್ಮ ಮಗನ ಮದುವಿ ಆಗಿದ್ದು ಎಂಟರಾಗ ಅಲ್ರಿ? ನಾನ ನಿಮ್ಮನಿ ಅಂಗಳ ಸಾರಿಸೀನಿ, ಅದಕ್ಕ ನೆನಪದ. ಇರಲಿ ಬಿಡ್ರಿ, ಕೂಸು ಆರೋಗ್ಯ ಇದ್ರ ಸಾಕು. ಹಿಂದ ಮುಂದ ಆಗತದ."

ಹೆಂಗಸರ ಸಾಲಿನಲ್ಲಿ ಒಂದು ಸೆರಗು ಬಾಯಿಗೆ ಹೋಯಿತು. ಆಮೇಲೆ ಎಲ್ಲ ಸೆರಗುಗಳೂ ಹೋದವು.

ಪಾರ್ವತಿಬಾಯಿ ಎದ್ದು ನಿಂತಳು. "ಏನ್ರಿ! ನಮ್ಮ ಸೊಸಿ ಮ್ಯಾಲೆ ಊರು ನಗಬೇಕೇನ್ರಿ? ತಾರೀಖು ಸುಳ್ಳು ಅದ ಅಂತ ಹೇಳ್ರಿ!"

"ಸುಮ್ಮ ಕುಂದ್ರು, ಇದು ಸಂಘದ ವಿಷಯ."

"ಮೊಮ್ಮಗ ಸಂಘದವನೇನು? ಹೇಳ್ತೀರೋ, ಬೀಗರಿಗೆ ಕರೀ ಕಳಿಸಲೋ?"

ಸಾವ್ಕಾರರು ಟೋಪಿ ತೆಗೆದರು, ಹಾಕಿಕೊಂಡರು. "ಆತು, ಕ್ಯಾಮೆರಾದ ತಾರೀಖು ಸುಳ್ಳು," ಅಂದರು. ಅಂದವರೇ ಮತ್ತೆ ಚೇತರಿಸಿಕೊಂಡರು. "ಹಂಗಾದ್ರ ಚೀಲದ ಫೋಟೊನೂ ಸುಳ್ಳು. ಯಾವತ್ತಿಂದೋ ಏನೋ! ನನ್ನ ಪಾಳ್ಯಾಗ ತೆಗದಿದ್ದಾಳು."

ನಾನು ಚೀಲದ ಫೋಟೊ ವಾಪಸು ತೆಗೆದುಕೊಂಡೆ. ಏನು ಮಾಡಬೇಕು ತಿಳಿಯದೆ ಬೋರಲು ಹಾಕಿದೆ. ಫೋಟೊದ ಬೆನ್ನ ಮೇಲೆ ಸ್ಟುಡಿಯೊದ ಯಂತ್ರ ಕ್ಯಾಮೆರಾ ಕೊಟ್ಟ ನಂಬರನ್ನು ಸಣ್ಣಗೆ ಒತ್ತಿತ್ತು: ನಲವತ್ತೆಂಟು. ತೊಟ್ಟಿಲ ಫೋಟೊಗಳನ್ನೆಲ್ಲ ಇಸಿದುಕೊಂಡು ತಿರುವಿದೆ. ನಲವತ್ತೊಂದರಿಂದ ನಲವತ್ತೇಳು. ಗಡಿಯಾರ ಸತ್ತರೂ ಕ್ಯಾಮೆರಾ ಎಣಿಕೆ ಬಿಟ್ಟಿರಲಿಲ್ಲ.

ಅಯ್ಯಣ್ಣನ ಕೈಗೆ ಕೊಟ್ಟೆ. ಆತ ಎರಡು ಸಲ ಓದಿ, ಗಂಟಲು ಸರಿಮಾಡಿಕೊಂಡ.

"ಪಾರ್ವತಿಬಾಯಿ, ತೊಟ್ಟಿಲು ಯಾವತ್ತು?"

"ಗುರುವಾರ ಸಂಜಿಕ. ನೀನ ಐದು ಹೋಳಿಗಿ ಉಂಡಿ."

"ಆರು. ತೊಟ್ಟಿಲ ಕಡೀ ಫೋಟೊ ನಲವತ್ತೇಳು. ಚೀಲದ್ದು ನಲವತ್ತೆಂಟು. ನಲವತ್ತೇಳರ ಮ್ಯಾಲೇ ನಲವತ್ತೆಂಟು ಬರೂದು. ಗುರುವಾರ ನಾವು ಉಂಡು ಏಳೂದ್ರಾಗ ಹೊತ್ತು ಮುಣಗಿತ್ತು. ಇದರಾಗ ನಡುನೆತ್ತಿ ಬಿಸಲದ. ಅಂದ್ರ ಇದು ಶುಕ್ರವಾರ, ಇಲ್ಲಾ ಶನಿವಾರ. ಎರಡೂ ದೇವಕಮ್ಮನ ಪಾಳಿ."

ಸಾವ್ಕಾರರು ಬಾಯಿ ತೆರೆದರು. ಪಾರ್ವತಿಬಾಯಿ ಅವರಿಗೆ ಅವಕಾಶ ಕೊಡಲಿಲ್ಲ.

"ಶುಕ್ರವಾರ ಸುರಪುರಕ್ಕ ಹೊಂಟೀನಿ ಅಂದ್ರಿ! ಧೋತರಕ್ಕ ಕೆಸರು ಹ್ಯಾಂಗ ಹತ್ತಿತು ಅಂದ್ರ ಬಸ್ಸು ಕೆಟ್ಟಿತ್ತು, ತಳ್ಳಿದೆ ಅಂದ್ರಿ!"

ನಾನು ಬರೆದುಕೊಂಡೆ: ಶಾಂತಪ್ಪನವರ ಮುಂದಿನ ಪಾಳಿ ದೇವಕಮ್ಮನಿಗೆ. ಚೀಲ ಒಟ್ಟಿದವರೇ ಈಗಲೇ ತೆಗೆಯಬೇಕು. ಅಧ್ಯಕ್ಷರ ಸಹಿ ಬೇಕಿತ್ತು. ಪಾರ್ವತಿಬಾಯಿ ಪೆನ್ನು ಹಿಡಿದು ಅವರ ಮುಂದೆ ನಿಂತಳು, ಸಹಿ ಬಿತ್ತು.

ಭಾನುವಾರದ ಪಾಳಿಯವರು ಆವತ್ತಿನ ನೀರನ್ನೂ ದೇವಕಮ್ಮನಿಗೇ ಬಿಟ್ಟುಕೊಟ್ಟರು. ಊರೆಲ್ಲ ಕಾಲುವೆಗೆ ನಡೆಯಿತು. ಸಾವ್ಕಾರರು ಧೋತರ ಎತ್ತಿ ಕಟ್ಟಿ ನೀರಿಗಿಳಿದರು. ಒಂದೊಂದೇ ಚೀಲ ಏರಿಯ ಮೇಲೆ ಬಂತು, ಸೊಂಟಕ್ಕೆ ಕೈ ಹೋಯಿತು. ಐದನೆಯದನ್ನು ಎತ್ತಿಟ್ಟು, "ಮುಗೀತು" ಅಂದು ಮೇಲೆ ಬರಲು ಕಾಲೆತ್ತಿದರು.

ದೇವಕಮ್ಮ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನೀರು ನೋಡುತ್ತಿದ್ದಳು.

"ತಳದಾಗ ಇನ್ನೊಂದು ಅದರಿ ಸಾವ್ಕಾರ್ರ."

ಅವರು ಅವಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮೂಗು ಹಿಡಿದು ಮುಳುಗಿದರು. ಆರನೇ ಚೀಲ ಕಿತ್ತಾಗ ನೀರು ಒಮ್ಮೆಲೇ ತಿರುಗಿ, ಅವರ ಟೋಪಿಯನ್ನೂ ಎತ್ತಿಕೊಂಡು, ದೇವಕಮ್ಮನ ಗದ್ದೆಯ ಕಡೆಗೆ ಓಡಿತು.