ನಾಲ್ಕನೇ ಸಲದ ಎಂಟು

ಕಾಲು ಊರಿದರೆ ಫೇಲು. ಇಷ್ಟನ್ನೇ ಗಿರಿ ಲೈಸೆನ್ಸ್ ಟೆಸ್ಟಿನ ಮೈದಾನದಲ್ಲಿ ಬೆಳಗಿನಿಂದ ಆರು ಸಲ ಹೇಳಿದ್ದ.

“ಎಂಟರ ಮಧ್ಯ ಗಾಡಿ ಎಷ್ಟು ಮೆಲ್ಲಗೆ ಓದ್ರೂ ಪರವಾಗಿಲ್ಲ ಮೇಡಂ. ಕಾಲು ಮಾತ್ರ ಕೆಳಗೆ ಬರ್ಬಾರ್ದು.”

“ಗೊತ್ತು ಗಿರಿ.”

“ಓದ್ಸಲಾನೂ ಗೊತ್ತು ಅಂದ್ರಿ.”

ಗಿರಿ ಡ್ರೈವಿಂಗ್ ಸ್ಕೂಲಿನವನು, ಹತ್ತನೇ ಕ್ಲಾಸಿಗೆ ಓದು ಬಿಟ್ಟವನು. ಮೇನಕಾ ಎರಡು ಎಂ.ಎ., ಒಂದು ಎಂ.ಫಿಲ್. ಮಾಡಿದವಳು. ತಮಿಳುನಾಡಿನ ಹರೂರಿನ ಹೊರಗಿನ ಬಿ.ಎಡ್. ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಮನಶ್ಶಾಸ್ತ್ರ ಕಲಿಸುತ್ತಿದ್ದಳು.

ಅವಳಿಗೆ ಹೆಸರು ತಂದ ಪಾಠ ಒಂದೇ: ಕಲಿತ ಅಸಹಾಯಕತೆ. ತಪ್ಪಿಸಿಕೊಳ್ಳಲಾಗದಂತೆ ಕಟ್ಟಿಹಾಕಿ ಮತ್ತೆ ಮತ್ತೆ ಶಾಕ್ ಕೊಟ್ಟ ನಾಯಿ, ಆಮೇಲೆ ಮೊಣಕಾಲೆತ್ತರದ ಅಡ್ಡಗೋಡೆಯನ್ನೂ ಹಾರುವುದಿಲ್ಲ, ಮಲಗಿ ಕುಂಯ್‌ಗುಡುತ್ತದೆ. ಇದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ಒಂದು ವರ್ಷ ಕಾಲೇಜಿನವರು ಅತ್ಯುತ್ತಮ ಉಪನ್ಯಾಸಕಿ ಎಂದು ಫಲಕ ಕೊಟ್ಟರು. ಫಲಕವನ್ನು ತೊಡೆಯ ಮೇಲಿಟ್ಟುಕೊಂಡು, ಗಂಡನ ಬೈಕಿನ ಹಿಂದೆ ಕೂತು ಮನೆಗೆ ತಂದಳು.

ಹೋದ ವಾರ ಜೀವಿತಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು, “ಆಮೇಲೆ ಆ ನಾಯಿಗಳು ಏನಾದ್ವು ಮೇಡಂ?” ಎಂದು ಕೇಳಿದ್ದಳು. ನೋಟ್ಸಿನಲ್ಲಿ ಅದಿರಲಿಲ್ಲ. “ಪರೀಕ್ಷೆಗೆ ಬರೋದಿಲ್ಲ” ಎಂದು ಕೂರಿಸಿದಳು. ಸಂಜೆ ಮನೆಯಲ್ಲಿ ಹುಡುಕಿದಳು. ಹಗ್ಗ ಹಿಡಿದು ಎಳೆದೆಳೆದು ಆಚೆ ದಾಟಿಸಿದರಂತೆ. ಹಾಗೆ ಎಷ್ಟೋ ಸಲ ಆದ ಮೇಲೆ ತಾವಾಗಿಯೇ ದಾಟಿದವಂತೆ. ಓದಿ ಮುಗಿಸುವಷ್ಟರಲ್ಲಿ ಅರುಣಾಚಲಂ ಕಾಫಿ ತಂದುಕೊಟ್ಟ.

ಅರುಣಾಚಲಂ ಒಳ್ಳೆಯ ಗಂಡ. ತೊಂದರೆಯೇ ಅದು. ಕುಡಿದು ಬಂದು ಹೊಡೆಯುವವನಾಗಿದ್ದರೆ ನಾಲ್ಕು ಜನ ಅವಳ ಕಡೆ ಇರುತ್ತಿದ್ದರು. ಇವನು ಆರು ವರ್ಷದ ಹಿಂದೆ ತಾನಾಗಿಯೇ ಸ್ಕೂಟರ್ ಕೊಡಿಸಿದ್ದ. ಬಿಸಿಲು ತಾಗದಂತೆ ಅದಕ್ಕೆ ಹಳೆಯ ದುಪ್ಪಟಿ ಹೊದಿಸಿದ್ದ. ಭಾನುವಾರ ತೊಳೆಯುತ್ತಿದ್ದ. ಅವಳು ಅದನ್ನು ಓಡಿಸುವುದೊಂದು ಬಾಕಿ. ಮೂರು ಸಲ ಅವಳು ಫೇಲಾದಾಗಲೂ ಮೈದಾನದ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ. ಮೂರು ಸಲವೂ ಒಂದೇ ಮಾತು: “ಬಿಡು, ನಾನಿಲ್ವಾ?” ಮೂರನೆಯ ಸಲ ಆ ಮಾತು ಕೇಳಿ ಅವಳಿಗೆ ಹಾಯೆನಿಸಿತು. ಹೆದರಿಕೆಯಾದದ್ದು ಆಗ.

ಈ ಸಲ ಅವನಿಗೆ ಹೇಳಲಿಲ್ಲ. ಕಾಲೇಜಿಗೆ ಜ್ವರ ಎಂದಳು, ಮನೆಯಲ್ಲಿ ಕಾಲೇಜು ಎಂದಳು. ಅರುಣಾಚಲಂ ಎಂದಿನಂತೆ ಕಾಲೇಜಿನ ಗೇಟಿನವರೆಗೆ ಬಿಟ್ಟು ಹೋದ. ಅಲ್ಲಿಂದ ಆಟೋ ಹಿಡಿದಳು. ಸರ್ವೀಸಿಗೆ ಎಂದು ಸುಳ್ಳು ಹೇಳಿ ಗಿರಿ ಅವಳ ಮನೆಯಿಂದ ಸ್ಕೂಟರ್ ತಂದಿದ್ದ. “ಓಡಿಸ್ದೇ ಇರೋ ವಂಡಿಗೆ ಯಾಕಪ್ಪ ಸರ್ವೀಸು?” ಎಂದು ಅತ್ತೆ ಮುನಿಲಕ್ಷ್ಮಮ್ಮ ಕೇಳಿದರಂತೆ. ಆ ಮನೆಯಲ್ಲಿ ಮನಶ್ಶಾಸ್ತ್ರ ತಿಳಿದವರು ಅವರೊಬ್ಬರೇ.

ಹೆಸರು ಕೂಗಿದರು.

ಎಂಟರ ಆಕಾರದ ಸುಣ್ಣದ ಗೆರೆಯ ಮೇಲೆ ಮೊದಲ ಸುತ್ತು ಮುಗಿಯಿತು. ಎರಡನೆಯದರ ತಿರುವಿನಲ್ಲಿ ಹ್ಯಾಂಡಲ್ ಅದುರಿತು. ಎಡಗಾಲಿನ ಬೆರಳುಗಳು ತಾವಾಗಿ ನೆಲದ ಕಡೆ ಇಳಿದವು. ಮೈದಾನದ ಅಂಚಿಗೆ ಕಣ್ಣು ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಕಾಲು ಮೇಲೆ ಬಂತು. ಸ್ಕೂಟರ್ ಎಂಟನ್ನು ಮುಗಿಸಿ ಹೊರಗೆ ಬಂದು ನಿಂತಿತು.

ಇನ್‌ಸ್ಪೆಕ್ಟರ್ ಮೊಬೈಲ್ ನೋಡುತ್ತಿದ್ದರು. ಮುಗೀತಾ ಎಂದು ತಮಿಳಿನಲ್ಲಿ ಕೇಳಿದರು.

“ಸಾರ್, ನೀವು ನೋಡ್ಲಿಲ್ಲ.”

“ಕಾಲು ಊರಿದ್ರಾ?”

“ಇಲ್ಲ.”

“ಮತ್ತೇನು? ಪಾಸು. ಮುಂದಿನವರು ಬನ್ನಿ.”

ಆರು ವರ್ಷದ ನಡುಕ ಹೀಗೆ, ನೋಡಿದವರಿಲ್ಲದೆ ಮುಗಿಯಿತು. ಇನ್ನೊಂದು ಸಲ ಎಂಟು ಹಾಕಲೇ ಎಂದು ಕೇಳಬೇಕೆನಿಸಿತು.

“ಕೇಳ್ಬೇಡಿ ಮೇಡಂ,” ಎಂದ ಗಿರಿ, ಅವಳ ಮುಖ ನೋಡಿ.

ಗಂಟೆ ಹತ್ತೂವರೆ. ಕಾಲೇಜು ಬಿಡುವುದು ನಾಲ್ಕೂವರೆಗೆ. ಅಲ್ಲಿಯವರೆಗೆ ಅವಳು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಲೈಸೆನ್ಸ್ ಸಿಗುವುದನ್ನು ಅವಳು ನೂರು ಸಲ ಊಹಿಸಿಕೊಂಡಿದ್ದಳು. ಹೋಗುವ ಊರನ್ನು ಊಹಿಸಿಕೊಂಡಿರಲಿಲ್ಲ.

ತಿರುವಣ್ಣಾಮಲೈ ರಸ್ತೆ ಎದುರಿಗಿತ್ತು, ಅದಕ್ಕೇ ಇಳಿದಳು. ಮರಗೆಣಸಿನ ಹೊಲಗಳು, ಹುಣಸೆಮರಗಳು. ಕಿವಿಯಲ್ಲಿ ಗಾಳಿ. ಐದು ನಿಮಿಷ ಖುಷಿಯಾಗಿದ್ದಳು. ಆಮೇಲೆ ಖುಷಿಯಾಗಿದ್ದೇನೆಯೇ ಎಂದು ಪರೀಕ್ಷಿಸಿಕೊಳ್ಳತೊಡಗಿದಳು. ಆರನೇ ಕಿಲೋಮೀಟರಿನಲ್ಲಿ ಎಳನೀರು ಕಂಡಾಗ, ನಿಲ್ಲಲು ಕಾರಣ ಸಿಕ್ಕಿತೆಂದು ನಿಂತಳು.

ಅಂಗಡಿಯ ಮುದುಕಿ ಮೇಕೆಯನ್ನು ಕನ್ನಡದಲ್ಲಿ ಬಯ್ಯುತ್ತಿದ್ದಳು. ಎಳನೀರು ಕೆತ್ತುತ್ತ ಕೇಳಿದಳು: “ಯಾವೂರಿಗೆ ಓಗ್ತಾ ಇದ್ದೀಯಮ್ಮ?”

“ಇಲ್ಲೇ.”

“ಇಲ್ಲೇ ಅಂದ್ರೆ?”

“ಸ್ವಲ್ಪ ಮುಂದೆ.”

“ಮುಂದೆ ಏನೂ ಇಲ್ವಲ್ಲ,” ಎಂದಳು ಮುದುಕಿ, ನಿಜವಾದ ಕಾಳಜಿಯಿಂದ.

ಮೇನಕಾ ಫೋನ್ ತೆಗೆದಳು. ಸಂತೋಷ ಹಂಚಿಕೊಳ್ಳುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

“ಪಾಸಾಯ್ತು.”

“ಏನು ಪಾಸಾಯ್ತು?” ಅರುಣಾಚಲಂ ಕೇಳಿದ.

“ಲೈಸೆನ್ಸು.”

“ಎಲ್ಲಿದ್ದೀಯಾ?”

ಹೇಳಿದಳು. ಹೇಳದಿರಬಹುದಿತ್ತು ಎಂಬುದು ಹೇಳಿದ ಮೇಲೆ ಹೊಳೆಯಿತು.

“ಅಲ್ಲೇ ಇರು.”

ಇದ್ದಳು. ಇಪ್ಪತ್ತು ನಿಮಿಷ, ಕೀಲಿ ಕೈಯಲ್ಲೇ ಹಿಡಿದುಕೊಂಡು.

ಅವನು ಬಂದಾಗ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಒಂದು ದಾರಿ ಕಾಣುತ್ತಿತ್ತೇನೋ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

“ನಂಗೆ ಒಂದ್ಮಾತು ಏಳಿದ್ರೆ ನಾನೂ ಬರ್ತಿದ್ನಲ್ಲ.”

“ಅದಕ್ಕೇ ಏಳ್ಲಿಲ್ಲ.”

ಅವನು ತನ್ನ ಚಪ್ಪಲಿ ನೋಡಿಕೊಂಡ. “ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ?”

“ಇಲ್ಲ.”

ನಿಜವಾಗಿಯೂ ಅಂದಿರಲಿಲ್ಲ.

“ಸರಿ, ನೀನು ಮುಂದೆ ಓಗು. ನಾನು ಇಂದೆ ಬರ್ತೀನಿ. ರೋಡ್ನಾಗೆ ಲಾರಿಗಳು ಜಾಸ್ತಿ.”

“ಮನೆಗಾ?”

“ಮತ್ತೆ?”

ಅವಳು ಹೊರಟಳು. ಅವನು ಹತ್ತು ಮಾರು ಬಿಟ್ಟು ಹಿಂಬಾಲಿಸಿದ. ಅವಳು ವೇಗ ಹೆಚ್ಚಿಸಿದರೆ ಹೆಚ್ಚಿಸಿದ, ಇಳಿಸಿದರೆ ಇಳಿಸಿದ. ಊರ ಹತ್ತಿರ ರಸ್ತೆ ಕವಲೊಡೆಯುವಲ್ಲಿ ನಿಂತಳು. ಎಡಕ್ಕೆ ಮನೆ. ಬಲಕ್ಕೆ ಸೇಲಂ.

ಬಲಗಡೆಯ ಇಂಡಿಕೇಟರ್ ಹಾಕಿದಳು.

ಕನ್ನಡಿಯಲ್ಲಿ ನೋಡಿದಳು. ಅವನು ಎಡಕ್ಕೆ ಹಾಕಿಕೊಂಡಿದ್ದ. ಅವಳದನ್ನು ಕಂಡು ಒಂದು ಗಳಿಗೆ ತಡೆದ. ಆಮೇಲೆ ಅದನ್ನು ಆರಿಸಿ, ಬಲಕ್ಕೆ ಹಾಕಿ, ಹೋಗು ಎಂಬಂತೆ ತಲೆಯಾಡಿಸಿದ. ಅವನ ಹಿಂದೆ ಬಂದ ಟೌನ್ ಬಸ್ಸಿನ ಡ್ರೈವರ್ ಇಬ್ಬರ ಸಿಗ್ನಲ್ಲನ್ನೂ ನೋಡಿ, ಮರ್ಯಾದೆಯಿಂದ ಬಸ್ ನಿಲ್ಲಿಸಿ ಜಾಗ ಬಿಟ್ಟ. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ರಸ್ತೆ ಪೂರ್ತಿ ಖಾಲಿಯಿತ್ತು. ಎರಡು ಹಳದಿ ದೀಪಗಳು, ಒಂದರ ಹಿಂದೆ ಒಂದು, ನಿಂತಲ್ಲೇ ಮಿಣುಕುತ್ತಿದ್ದವು.